ಮಧುಮೇಹ: ಹಳಬರ ಮಾತಿನ ಮರೆತ ಅರ್ಧ

ಬಸವಾಪಟ್ಟಣದಲ್ಲಿ ನನ್ನ ಸೋದರಮಾವನವರ ಮನೆ. ಎಪ್ಪತ್ತು ದಾಟಿದ ಅವರದು ಮೊದಲಿನಿಂದಲೂ ಒಣಕಲು ಮೈ. ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ಯಾರದೋ ಮಾತು ಕೇಳಿ, ಮೈ ಇಳಿದರೆ ಕಾಯಿಲೆಯೂ ಇಳಿಯುವುದೆಂದು ರಾತ್ರಿಯ ಊಟ ಬಿಟ್ಟರು. ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ಬೆವೆತು, ನಡುಗಿ, ಹಿತ್ತಲಿನಲ್ಲಿ ಬಿದ್ದರು. ಅತ್ತೆ ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡು, "ಅಲ್ಲಯ್ಯಾ, ಹಿಂದಿನವರು ಇದನ್ನೇ ಅಲ್ಲವೇ ಹೇಳಿದ್ದು?" ಎಂದು ನನ್ನನ್ನೇ ಕೇಳಿದರು.

ಹಿಂದಿನವರು ಹೇಳಿದ್ದೇನು? ಸುಶ್ರುತ ಸಂಹಿತೆ ಈ ರೋಗಿಗಳನ್ನು ಎರಡು ಬಗೆಯಾಗಿ ಕಾಣುತ್ತದೆ. ಹುಟ್ಟಿನಿಂದ ಬಂದ ರೋಗದವನು ಕೃಶ, ಅಲ್ಪಾಹಾರಿ. ಅಪಥ್ಯದಿಂದ ರೋಗ ತಂದುಕೊಂಡವನು ಸ್ಥೂಲ. ಊಟ ಹೆಚ್ಚು, ಹಾಸಿಗೆ ನಿದ್ದೆಗಳ ಮೇಲೆ ಪ್ರೀತಿ. ಬಡ ರೋಗಿಯು ಕೊಡೆ ಕೆರಗಳಿಲ್ಲದೆ, ಭಿಕ್ಷೆಯುಂಡು, ನೂರು ಯೋಜನ ನಡೆಯಬೇಕೆಂದೂ ಬಾವಿ ತೋಡುವಂಥ ದುಡಿಮೆ ಒಳ್ಳೆಯದೆಂದೂ ಅಲ್ಲಿದೆ. ಲೋಕ ನೆನಪಿಟ್ಟದ್ದು ಇಷ್ಟನ್ನೇ. ಕೃಶನಾದವನನ್ನು ಕಾಪಾಡಬೇಕೆಂಬ ಮಾತೂ ಅಲ್ಲಿಯೇ ಇದೆ. ಚರಕ ಸಂಹಿತೆಯಂತೂ ಬಲವುಳ್ಳ ಸ್ಥೂಲನಿಗೆ ಶೋಧನ, ದುರ್ಬಲನಾದ ಕೃಶನಿಗೆ ಪೋಷಣೆ ಎಂದು ಬೇರೆಬೇರೆಯಾಗಿಯೇ ವಿಧಿಸುತ್ತದೆ.

ಪಶ್ಚಿಮದವರ ಕಥೆಯೂ ಇದಕ್ಕೆ ದೂರವಲ್ಲ. ಮೂತ್ರದ ಸಿಹಿಗೆ ಸಕ್ಕರೆಯೇ ಕಾರಣವೆಂದು ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ತೋರಿಸಿದನು. 1870-71ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಅನ್ನಕ್ಕೆ ಬರ ಬಂದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ಬೂಷಾರ್ದಾ ಎಂಬ ವೈದ್ಯನು ಕಂಡನು. 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ದೊರೆಯಿತು. 1936ರಲ್ಲಿ ಹಿಮ್ಸ್‌ವರ್ತನು ಇನ್ಸುಲಿನ್ನಿಗೆ ಬೇಗ ಮಣಿಯುವ ರೋಗಿಗಳೂ ಮಣಿಯದ ರೋಗಿಗಳೂ ಬೇರೆಯೆಂದು ವಿಂಗಡಿಸಿದನು. ಸುಶ್ರುತನ ಎರಡು ಬಗೆ ಹೊಸ ವೇಷದಲ್ಲಿ ಮರಳಿದಂತಾಯಿತು.

ಇನ್ನು ನಮ್ಮ ಸೀಮೆಯ ಮಾತು. ಸೂಳೆಕೆರೆಯ ಕೆಳಗಿನ ಗದ್ದೆಗಳನ್ನು ಬಿಟ್ಟರೆ ಇಲ್ಲಿಯ ಹೊಲಗಳಲ್ಲಿ ಹಿಂದೆ ಬೆಳೆಯುತ್ತಿದ್ದುದು ಹೆಚ್ಚಾಗಿ ರಾಗಿ, ಜೋಳ. ಭದ್ರಾ ಅಣೆಕಟ್ಟಿನ ನಾಲೆಗಳು ಬಂದ ಮೇಲೆ ಬತ್ತವೂ ಅಡಿಕೆಯೂ ಹಬ್ಬಿದವು. ನೀರು ಬಂದದ್ದು ಭಾಗ್ಯವೇ. ಆದರೆ ಮುದ್ದೆಯ ಜಾಗಕ್ಕೆ ಅನ್ನ ಬಂದಿತು, ನಡಿಗೆಯ ಜಾಗಕ್ಕೆ ಮೋಟಾರು ಸೈಕಲ್ಲು ಬಂದಿತು. ದುಡಿಮೆ ಇಳಿಯಿತು, ತಟ್ಟೆಯ ರಾಶಿ ಇಳಿಯಲಿಲ್ಲ. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ.

ಹಾಗಾದರೆ ತೂಕ ಇಳಿಸುವುದು ವ್ಯರ್ಥವೆ? ಅಲ್ಲ. 2017ರಲ್ಲಿ ಬ್ರಿಟನ್ನಿನಿಂದ ಹೊರಬಂದ ಪರೀಕ್ಷೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲೇ ಆಹಾರ ತಗ್ಗಿಸಿದ ಸ್ಥೂಲಕಾಯರ ಪೈಕಿ ನೂರಕ್ಕೆ 46 ಮಂದಿ ವರ್ಷದೊಳಗೆ ಮಧುಮೇಹದ ಔಷಧಿಯಿಲ್ಲದೆ ಇರುವಂತಾದರು. ಆದರೆ ಅವರು 65 ದಾಟದವರು. ರೋಗ ಕಂಡು ಆರು ವರ್ಷ ಮೀರದವರು. ಮುಪ್ಪಿನಲ್ಲಿ ತೂಕದೊಡನೆ ಮಾಂಸಖಂಡವೂ ಕರಗುತ್ತದೆ, ಕಾಲು ಸೋಲುತ್ತದೆ. ಗುಳಿಗೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಉಪವಾಸ ಹಿಡಿಯುವುದು ಹಿರಿಯರಿಗೆ ಸಲ್ಲದು.

ಹಳಬರು ತಪ್ಪಲಿಲ್ಲ, ಅವರ ಮಾತಿನಲ್ಲಿ ಅರ್ಧವನ್ನಷ್ಟೇ ಕೇಳಿದ ನಾವು ತಪ್ಪಿದೆವು. ಮಾವನವರು ಈಗ ವೈದ್ಯರು ಹೇಳಿದಂತೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಅನ್ನ ಸ್ವಲ್ಪ, ಬೇಳೆ ಸೊಪ್ಪು ಧಾರಾಳ. ಸಂಜೆ ಊರಾಚೆಯವರೆಗೆ ಒಂದು ನಡಿಗೆ. ನೂರು ಯೋಜನವಲ್ಲ, ಆದರೂ ದಿನವೂ ತಪ್ಪುವುದಿಲ್ಲ.