ಮನಿ ಮಾರುವಾಗ ವಕೀಲ ಬೇಕೋ ಬ್ಯಾಡೋ?

ನಮ್ಮ ಸೊಲ್ಲಾಪುರ ಸೀಮೆಯಾಗ ಯಾರಾದರೂ ಮನಿ ಮಾರಲಿಕ್ಕೆ ಹೊಂಟರೆ ಮಂದಿ ಮೊದಲ ಕೇಳೂದು, "ವಕೀಲನ್ನ ಹಿಡಿದಿಯೇನು?" ಅಂತ. ವಕೀಲ ಇರಲೇಬೇಕು ಅಂತ ಕಾಯ್ದೆ ಹೇಳಿಲ್ಲ. ಆದರೆ ಈ ಪ್ರಶ್ನೆ ಯಾಕ ಹುಟ್ಟಿತು ಅನ್ನೂದನ್ನ ಹಿಂದಿನಿಂದ ನೋಡಬೇಕು.

ಪೇಶ್ವೆಯವರ ಕಾಲದಾಗ ರಜಿಸ್ಟ್ರಿ ಕಚೇರಿ ಇರಲಿಲ್ಲ. ಕುಲಕರ್ಣಿ ಮೋಡಿ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದ. ಸಹಿ ಬಾರದ ಪಾಟೀಲ ತನ್ನ ಗುರುತಾಗಿ ನೇಗಿಲು ಬರೆಯುತ್ತಿದ್ದ. ಮೋಡಿ ಓದಲಿಕ್ಕೆ ಬರುವವರು ಕಡಿಮಿ. ಆದರೂ ಊರ ಹಿರಿಯರು ಕೂಡಿ ಮಾತು ಕೇಳಿರುತ್ತಿದ್ದರು. ಆ ಕಿವಿಗಳೇ ಸಾಕ್ಷಿ.

ಇಂಗ್ರಜರು ಬಂದ ಮ್ಯಾಲ ಕೋರ್ಟಿನಾಗ ಬರೆದ ಕಾಗದವೇ ದೊಡ್ಡದಾಯಿತು. ಒಕ್ಕಲಿಗ ಅಡ ಇಟ್ಟೆ ಅಂತ ತಿಳಿದು ಹೆಬ್ಬಟ್ಟು ಒತ್ತಿದರೆ ಕಾಗದದಾಗ ಖರೇದಿ ಅಂತ ಇರುತ್ತಿತ್ತು. ಸಾಲದ ಸಿಟ್ಟು ಬೆಳೆದು 1875ರ ಮೇ ತಿಂಗಳಲ್ಲಿ ಪುಣೆ, ಅಹಮದನಗರ ಕಡೆ ರೈತರು ಸಾಹುಕಾರರ ಮನಿ ಹೊಕ್ಕು ಸಾಲಪತ್ರ ಸುಟ್ಟರು. ಅದರಿಂದ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಅಹಮದನಗರದ ಕೂಡ ನಮ್ಮ ಸೊಲ್ಲಾಪುರ ಜಿಲ್ಲೆಗೂ ಅದು ಹತ್ತಿತು. ರೈತನ ಕಾಗದ ಊರ ರಜಿಸ್ಟ್ರಾರನ ಕಣ್ಣ ಮುಂದೆ ಆಗಬೇಕು ಅಂತ ಮಾಡಿದರು. ಊರ ಮುನ್ಸೀಫನ ಮುಂದೆ ನಡೆಯುವ ಸಣ್ಣ ದಾವೆಯೊಳಗೆ ವಕೀಲ ಬರಲೇಬಾರದು ಅಂತಲೂ ಬರೆದರು. ವಕೀಲನ್ನ ಹಿಡಿಯುವ ತಾಕತ್ತು ಸಾಹುಕಾರನಿಗೆ ಇತ್ತು, ರೈತನಿಗೆ ಎಲ್ಲಿತ್ತು?

1882ರ ಕಾಯ್ದೆ ಪ್ರಕಾರ 100 ರೂಪಾಯಿ ಮತ್ತು ಮೇಲ್ಪಟ್ಟ ಮನಿ, ಹೊಲದ ಮಾರಾಟ ರಜಿಸ್ಟ್ರಿ ಆಗಲೇಬೇಕು. ಇಂದಿಗೂ ಅದೇ ನಡೀತದ. ಆದರೆ ರಜಿಸ್ಟ್ರಾರ್ ಸಾಹೇಬರು ಕೇಳೂದು, ಸಹಿ ಮಾಡಿದವ ನೀನೇ ಹೌದೋ ಅಂತ. ಮನಿಯೊಳಗೆ ಯಾರ ಪಾಲು ಎಷ್ಟು ಅಂತ ತೀರ್ಪು ಕೊಡೂದು ಅವರ ಕೆಲಸ ಅಲ್ಲ.

ಹಂಗಾದರೆ ವಕೀಲ ಯಾವಾಗ ಬೇಕು? ಸ್ವಂತ ದುಡಿದು ಕಟ್ಟಿದ ಮನಿ, ಸಾಲ ಇಲ್ಲ, ತಂಟೆ ಇಲ್ಲ ಅಂದರೆ ಬಲ್ಲ ಬಾಂಡ್ ರೈಟರ್ ಸಾಕು. ಪಿತ್ರಾರ್ಜಿತ ಮನಿ ಇದ್ದರೆ ಹಂಗಲ್ಲ. 2005ರ ತಿದ್ದುಪಡಿ ಆದ ಮ್ಯಾಲ ಹಿಂದೂ ಮನೆತನದೊಳಗೆ ಮಗಳಿಗೂ ಮಗನಷ್ಟೇ ಪಾಲು. ತಂಗಿಯನ್ನ ಬಿಟ್ಟು ಅಣ್ಣ ಒಬ್ಬನೇ ಮಾರಿದರೆ ವ್ಯಾಜ್ಯ ಮನಿ ಬಾಗಿಲಿಗೆ ಬರತದ. ಸಣ್ಣ ಮಕ್ಕಳ ಹೆಸರಿನ ಮನಿಗೆ ಕೋರ್ಟಿನ ಪರವಾನಗಿ ಬೇಕಾಗತದ. ಗ್ರಾಮಪಂಚಾಯತಿಯ ನಮೂನಾ 8ರ ಉತಾರಾ ಮನಿಪಟ್ಟಿ ವಸೂಲಿಗೆ ಇಟ್ಟ ಲೆಕ್ಕ, ಅದೊಂದೇ ಮಾಲಕಿಯ ಪುರಾವೆ ಅಲ್ಲ. ಇಂಥಲ್ಲಿ ವಕೀಲನಿಗೆ ಕೊಟ್ಟ ಫೀ ದಂಡ ಅಲ್ಲ.

ವಕೀಲ ಇರಲಿ ಬಿಡಲಿ, ಒಂದು ಕೆಲಸ ಮಾತ್ರ ತಪ್ಪಬಾರದು. ನಮ್ಮ ಕಡೆ ಖರೇದಿಖತ ಮರಾಠಿಯಾಗ ಇರತದ, ನಾವು ಮನಿಯಾಗ ಮಾತಾಡೂದು ಕನ್ನಡ. "ಹಣ ಪೂರಾ ಮುಟ್ಟಿತು, ತಾಬಾ ಕೊಟ್ಟೆ" ಅನ್ನುವ ಸಾಲು ಅದರಾಗ ಇದ್ದೇ ಇರತದ. ಹಣ ಕೈಗೆ ಬರುವ ಮೊದಲೇ ಅದಕ್ಕೆ ಸಹಿ ಮಾಡಿದರೆ ಆಮ್ಯಾಲ ಅತ್ತು ಉಪಯೋಗ ಇಲ್ಲ. ಹಾಡಿನ ಸಾಲು ಬಾಯಿಂದ ಬಾಯಿಗೆ ಬದಲಾಗತದ, ಕಾಗದದ ಸಾಲು ಬರೆದಂಗ ನಿಲ್ಲತದ.

ಮಾಸ್ತರರಿಗೆ ನನ್ನದೊಂದು ವಿನಂತಿ. ಊರಾಗ ಯಾರಾದರೂ ಇಂಥ ಕಾಗದ ಹಿಡಿದು ಬಂದರೆ, ಸಹಿ ಆಗುವ ಮೊದಲು, ಮೊದಲಿಂದ ಕಡೀತನಕ ಕನ್ನಡದಾಗ ಓದಿ ಹೇಳ್ರಿ.