ಋತುಮಾನವೂ ಮನೆವಾರ್ತೆಯ ಆರೋಗ್ಯವೂ

ಆರೋಗ್ಯದ ಚರಿತ್ರೆಯೆಂದರೆ ವೈದ್ಯರ ಮತ್ತು ಆಸ್ಪತ್ರೆಗಳ ಚರಿತ್ರೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧಭಾಗ ಮಾತ್ರ. ಒಂದು ಸೀಮೆಯ ಜನ ಯಾವ ಮಾಸದಲ್ಲಿ ಏನನ್ನು ಉಂಡರು, ಯಾವ ನೀರನ್ನು ಕುಡಿದರು, ಯಾವ ಸೂಚನೆಯನ್ನು ಕಂಡು ಮನೆ ಬಿಟ್ಟು ಹೊರಟರು ಎಂಬುದು ಉಳಿದರ್ಧ. ಬೆಂಗಳೂರಿನ ಉತ್ತರಕ್ಕೂ ಪೂರ್ವಪಶ್ಚಿಮಗಳಿಗೂ ಹಬ್ಬಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಮಟ್ಟಿಗೆ ಈ ಉಳಿದರ್ಧವನ್ನು ಕುರಿತು ಎರಡು ಮಾತುಗಳನ್ನು ಶ್ರೋತೃಗಳ ಮುಂದಿಡಲು ಬಯಸುತ್ತೇನೆ.

ಋತುವಿಗೆ ತಕ್ಕ ಆಹಾರವಿಹಾರಗಳನ್ನು ಚರಕಸಂಹಿತೆಯೂ ಅಷ್ಟಾಂಗಹೃದಯವೂ ವಿಧಿಸಿವೆ. ಕನ್ನಡದಲ್ಲಿಯೇ 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಅಡುಗೆ, ಅಂತರ್ಜಲ, ಚಿಕಿತ್ಸೆ ಮೊದಲಾದ ಮನೆವಾರ್ತೆಯ ವಿಷಯಗಳನ್ನು ಒಂದೆಡೆ ಕಲೆಹಾಕಿದೆ. ಆದರೆ ಶಾಸ್ತ್ರದ ಋತುಗಳು ಈ ಸೀಮೆಗೆ ಸಂಪೂರ್ಣವಾಗಿ ಹೊಂದುವುದಿಲ್ಲ. ಗ್ರಂಥದಲ್ಲಿ ಶ್ರಾವಣ ಭಾದ್ರಪದಗಳು ವರ್ಷಋತು. ಆಶ್ವಯುಜಕ್ಕೆ ತಿಳಿಯಾಗಸದ ಶರತ್ತು. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದ ನಮ್ಮ ಬಯಲಿನಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರು, ಅಕ್ಟೋಬರುಗಳಲ್ಲಿ. ಆದುದರಿಂದ ಇಲ್ಲಿನ ಒಕ್ಕಲಿನ ಮನೆ ನಡೆದದ್ದು ಪುಸ್ತಕದ ಋತುವಿನಂತಲ್ಲ; ಭರಣಿ, ರೋಹಿಣಿ, ಉತ್ತರೆ, ಸ್ವಾತಿ ಎಂಬ ಮಳೆಯ ಲೆಕ್ಕದಂತೆ.

ಆ ಲೆಕ್ಕವು ಹೊಲದಿಂದ ನೇರವಾಗಿ ಒಲೆಗೆ ಬಂದಿತು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ರಾಗಿಯ ನಡುವೆ ಅವರೆ ತೊಗರಿಗಳನ್ನು ಸಾಲಿಡುವ ಕ್ರಮವನ್ನು ವರ್ಣಿಸಿದ್ದಾನೆ. ಹೊಲದಲ್ಲಿ ಜೊತೆಗೂಡಿದವು ತಟ್ಟೆಯಲ್ಲಿಯೂ ಜೊತೆಗೂಡಿದವು. ಬೇಸಗೆಗೆ ಮಜ್ಜಿಗೆ ಬೆರೆಸಿದ ರಾಗಿಯ ಅಂಬಲಿ, ರಾಮನವಮಿಯ ಪಾನಕ ಕೋಸಂಬರಿ. ಮೊದಲ ಮಳೆ ಬಿದ್ದೊಡನೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಬೆರಕೆ ಸೊಪ್ಪಿನ ಸಾರು. ಜಡಿಮಳೆಗೆ ಹುರುಳಿಯ ಕಟ್ಟು, ಮೆಣಸಿನ ಸಾರು, ಕಾಯಿಸಿ ಆರಿಸಿದ ನೀರು. ಚಳಿಗೆ ಹಿತಕಿದ ಅವರೆ, ಸಂಕ್ರಾಂತಿಯ ಎಳ್ಳುಬೆಲ್ಲ, ದೇವನಹಳ್ಳಿಯ ಚಕ್ಕೋತ.

ಈ ಕ್ರಮದಲ್ಲಿ ಕುರುಡು ನಂಬಿಕೆಗಿಂತ ಅನುಭವವೇ ಹೆಚ್ಚೆಂಬುದನ್ನು ಆಧುನಿಕ ಪರೀಕ್ಷೆಗಳು ತೋರಿಸಿವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಮಗುವಿಗೆ ಸರಿ ಮಾಡಿದರೆ ಅದರ ಸಾರ ಶರೀರಕ್ಕೆ ಸುಲಭವಾಗಿ ಹತ್ತುತ್ತದೆ. ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನಿಂಬೆ, ಚಕ್ಕೋತಗಳ ಹುಳಿ ನೆರವಾಗುತ್ತದೆ. ಭೇದಿಯಾದವನಿಗೆ ಅಜ್ಜಿ ಕುಡಿಸುತ್ತಿದ್ದ ಉಪ್ಪುಗಂಜಿಯ ತತ್ತ್ವವನ್ನು 20ನೆಯ ಶತಮಾನದ ಉತ್ತರಾರ್ಧದಲ್ಲಿ ವೈದ್ಯಲೋಕವೂ ಎತ್ತಿಹಿಡಿಯಿತು.

ಆದರೆ ಅಡುಗೆಮನೆಯ ಶಕ್ತಿಗೆ ಮೇರೆಯಿದೆ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು. ಸುತ್ತಣ ಹಳ್ಳಿಗಳೂ ಮುಂದೆ ಹಲವು ವರ್ಷ ಅದರ ಬಾಯಿಗೆ ಸಿಕ್ಕವು. ಮೆಣಸಿನ ಸಾರಾಗಲಿ, ಬೇವಿನ ಹೊಗೆಯಾಗಲಿ ಅದನ್ನು ತಡೆಯಲಿಲ್ಲ. ಜನರನ್ನು ಬದುಕಿಸಿದ್ದು ಮತ್ತೊಂದು ಬಗೆಯ ಅರಿವು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಊರು ಬಿಡಬೇಕೆಂದು ಅವರು ಸರ್ಕಾರದ ಕಟ್ಟಳೆಯಿಂದಲೂ ಸ್ವಂತ ಅನುಭವದಿಂದಲೂ ಕಲಿತರು. ಮುದುಕರು ಮಕ್ಕಳು ದನಕರುಗಳೊಡನೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಚಳಿಯಲ್ಲಿ ಕಳೆದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುವುದೆಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಹಲವು ವರ್ಷಗಳೇ ಹಿಡಿದವು. ಸಿಡುಬಿನ ವಿಷಯವೂ ಇಂಥದೇ. ಬಾಗಿಲಿಗೆ ಕಟ್ಟಿದ ಬೇವಿನಸೊಪ್ಪಿನಿಂದ ಅದು ಹೋಗಲಿಲ್ಲ; ದೇವಿ ಹಾಕಿಸಿಕೊಂಡದ್ದರಿಂದ ಹೋಯಿತು. 1975ರಲ್ಲಿ ಅದು ಭಾರತವನ್ನೇ ಬಿಟ್ಟಿತು.

ಆದುದರಿಂದ ಹಳೆಯದೆಲ್ಲ ಔಷಧವೆಂದು ಹೊಗಳುವುದೂ ತರವಲ್ಲ, ಹಳೆಯದೆಲ್ಲ ಮೌಢ್ಯವೆಂದು ಹಳಿಯುವುದೂ ತರವಲ್ಲ. ಕಣ್ತೆರೆದು ಕಂಡು ನಡೆದ ಆಚಾರವು ಉಳಿಸಿಕೊಳ್ಳತಕ್ಕದ್ದು. ಅದು ದೇಹವನ್ನು ಪೋಷಿಸುತ್ತದೆ. ಚುಚ್ಚುಮದ್ದಿನ ಮತ್ತು ವೈದ್ಯನ ಕೆಲಸವನ್ನು ಮಾಡುವುದಿಲ್ಲ.

ಇಂದು ಈ ತಾಲ್ಲೂಕುಗಳ ಆರೋಗ್ಯಕ್ಕೆ ಒದಗಿರುವ ಕಷ್ಟ ಬೇರೆಯದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಕೆರೆಯಿಂದ ಕೆರೆಗೆ ಹರಿದು ಈ ನೆಲವನ್ನು ಸಾಕಿದವು. ದೊಡ್ಡಬಳ್ಳಾಪುರದ ಬಳಿಯ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಮತ್ತು ಕಾರ್ಖಾನೆಗಳ ಕೊಳಚೆ ಬಂದು ಸೇರಿದುದನ್ನು ಗ್ರಾಮಸ್ಥರು ಬಹುಕಾಲದಿಂದ ಪ್ರತಿಭಟಿಸಿದ್ದಾರೆ. ಇಲ್ಲಿ ನಮ್ಮ ಹಿರಿಯರ ಉಪಾಯ ಸೋಲುತ್ತದೆ. ನೀರನ್ನು ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಕಾರ್ಖಾನೆಯ ವಿಷವಾಗಲಿ ಆಳದ ಕೊಳವೆಬಾವಿಯ ಫ್ಲೋರೈಡಾಗಲಿ ಹೋಗುವುದಿಲ್ಲ. ಯಾವ ಗೃಹಿಣಿಯೂ ತನ್ನ ಒಲೆಯ ಮುಂದೆ ಕುಳಿತು ಇದನ್ನು ಸರಿಪಡಿಸಲಾರಳು.

ಬೆಂಗಳೂರಿನ ನಾಗರಿಕರು ಇದನ್ನು ಪರರ ಚಿಂತೆಯೆಂದು ತಿಳಿಯಬಾರದು. 1896ರಲ್ಲಿ ನಗರಕ್ಕೆ ಕೊಳಾಯಿಯ ನೀರು ಬಂದದ್ದು ಇದೇ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ. ಮುಂದೆ ತಿಪ್ಪಗೊಂಡನಹಳ್ಳಿಯಿಂದ ಬಂದದ್ದೂ ಇದೇ ನದಿಯ ನೀರು. ರಾಗಿಯನ್ನೂ ಸೊಪ್ಪನ್ನೂ ಋತುವರಿತು ಉಣ್ಣುವುದು ಮನೆಯವರ ಕೈಯಲ್ಲಿದೆ. ಆ ರಾಗಿಗೂ ಸೊಪ್ಪಿಗೂ ನಿರ್ಮಲವಾದ ನೀರನ್ನು ಉಳಿಸಿಕೊಡುವುದು ಊರಿನ, ನಗರದ ಮತ್ತು ಸರ್ಕಾರದ ಕರ್ತವ್ಯ. ಮೊದಲನೆಯದನ್ನು ನಮ್ಮ ಹಿಂದಿನವರು ಚೆನ್ನಾಗಿ ನಡೆಸಿ ತೋರಿಸಿದರು. ಎರಡನೆಯದನ್ನು ನಾವು ಇನ್ನೂ ನಡೆಸಬೇಕಾಗಿದೆ.