ಅಡ್ಡಗದ್ದೆ ಕಡೆಯಿಂದ ಮನೆ ಬದಲಿಸ್ತಿದ್ದೀರಾ? ಮೃಗಶಿರ ಮಳೆಗೆ ಮೊದಲು ಇಷ್ಟು ಮುಗಿಸಿಕೊಳ್ಳಿ

ಅಡ್ಡಗದ್ದೆ: ಏಪ್ರಿಲ್ ಕಳೆದು ಮೇ ಬಂತೆಂದರೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ರಸ್ತೆಗಳಲ್ಲಿ ಮಂಚ, ಬೀರು, ಹಾಸಿಗೆ ಹೇರಿಕೊಂಡ ಪಿಕಪ್ ಗಾಡಿಗಳು ಕಾಣೋಕೆ ಶುರುವಾಗುತ್ತವೆ. ಮಕ್ಕಳ ಶಾಲೆಗೆ ಅಂತ ಪೇಟೆ ಸೇರುವವರು, ವರ್ಗಾವಣೆ ಆದವರು, ಬಾಡಿಗೆ ಮನೆ ಬಿಡುವವರು, ತೋಟದ ಮನೆಗೆ ಬೀಗ ಹಾಕಿ ಅಪ್ಪ-ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಮಕ್ಕಳು. ಕಾರಣ ಯಾವುದೇ ಇರಲಿ, ತಲೆಬಿಸಿ ಒಂದೇ. ಅದರಲ್ಲಿ ಅರ್ಧ ತಲೆಬಿಸಿ ಸಾಮಾನಿನದ್ದಲ್ಲ, ದಿನ ಗೊತ್ತು ಮಾಡಲು ತಡ ಮಾಡಿದ್ದರದ್ದು.

ಲೆಕ್ಕ ಸರಳ ಇದೆ. ಮೃಗಶಿರ ಮಳೆ ಹುಟ್ಟುವುದು ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ. ಅದರ ಹಿಂದೆಯೇ ಆಷಾಢ. ಪಂಚಾಂಗ ನೋಡುವ ಮನೆಗಳಲ್ಲಿ ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ಶ್ರಾವಣಕ್ಕೆ ನೋಡೋಣ ಅಂದರೆ ಆಶ್ಲೇಷ ಮಳೆ ಬಿಡಲ್ಲ. ಮಳೆ ನಿಂತ ಮೇಲೆ ಅಡಿಕೆ ಕೊನೆಕೊಯ್ಲು ಶುರು, ಸಾಮಾನು ಎತ್ತಲು ಆಳು ಸಿಗಲ್ಲ. ಹಾಗಾಗಿ ಮೇ ತಪ್ಪಿದರೆ ಆ ವರ್ಷ ತಪ್ಪಿದ ಹಾಗೇ. ಶಾಲೆಗಳೂ ಮೇ ಕೊನೆಗೆ ತೆರೆಯುವುದರಿಂದ ಮೇ ಮೂರನೇ ವಾರದೊಳಗೆ ಮುಗಿಸಿಕೊಂಡರೆ ಎಲ್ಲರಿಗೂ ಅನುಕೂಲ.

ಗಾಡಿಗೆ ದಾರಿ ತೋರಿಸಿ

ಪೇಟೆಯಲ್ಲಿ ಗಾಡಿ ಬಾಗಿಲಿಗೇ ಬರುತ್ತದೆ. ಇಲ್ಲಿ ಟಾರು ರಸ್ತೆಯಿಂದ ಮನೆವರೆಗೆ ಮಣ್ಣಿನ ದಾರಿ, ನಡುವೆ ಒಂದು ಏರು, ಕೆಲವು ಕಡೆ ಕಾಲುಸಂಕ. ಫೋನಿನಲ್ಲಿ 'ಗಾಡಿ ಬರುತ್ತೆ' ಅಂತ ಹೇಳಿಬಿಟ್ಟು, ಬೆಳಿಗ್ಗೆ ಲಾರಿ ಏರಿನ ಬುಡದಲ್ಲೇ ನಿಂತರೆ ಆಮೇಲೆ ಎರಡೆರಡು ಸಲ ಹೇರಬೇಕು, ಇಳಿಸಬೇಕು. ಆದ್ದರಿಂದ ಡ್ರೈವರ್‌ನ್ನು ಒಂದು ದಿನ ಮೊದಲೇ ಕರೆಸಿ ದಾರಿ ತೋರಿಸಿ. ದೊಡ್ಡ ಲಾರಿ ರಸ್ತೆಯಲ್ಲೇ ನಿಲ್ಲುವುದಾದರೆ ಮನೆಯಿಂದ ಅಲ್ಲಿವರೆಗೆ ಪಿಕಪ್ ಬೇರೆ ಗೊತ್ತು ಮಾಡಬೇಕು. ಬಾಡಿಗೆ ಮಾತಾಡುವಾಗ ಹೇರುವ ಕೂಲಿ, ಇಳಿಸುವ ಕೂಲಿ, ಕಾಯುವ ಬಾಡಿಗೆ, ಖಾಲಿ ವಾಪಸ್ ಬರುವ ಡೀಸೆಲ್ ಎಲ್ಲ ಸೇರಿದೆಯೋ ಇಲ್ಲವೋ ಕೇಳಿ, ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಇಳಿಸಿದ ಮೇಲೆ ಜಗಳ ಆಡೋದು ಯಾರಿಗೂ ಚಂದ ಅಲ್ಲ.

ಉಡುಪಿ ಕಡೆ ಹೋಗುವವರು ಆಗುಂಬೆ ಘಾಟಿಯ 14 ತಿರುವು ನೆನಪಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳನ್ನು ತಡೆಯುವುದುಂಟು. ಮಂಗಳೂರಿಗಾದರೆ ಕೆರೆಕಟ್ಟೆ, ಕಾರ್ಕಳ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಇದೆ. ಅದು ಕಾಡಿನ ದಾರಿ, ಹಗಲಲ್ಲೇ ದಾಟಿಕೊಳ್ಳುವುದು ಒಳ್ಳೆಯದು.

ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು

ಮಲೆನಾಡಿನ ಮನೆ ಖಾಲಿ ಮಾಡುವುದೆಂದರೆ ಅಟ್ಟ ಖಾಲಿ ಮಾಡುವುದು. ಇದನ್ನು ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಹದಿನೈದು ದಿನ ಮೊದಲೇ, ಹಗಲು ಹೊತ್ತಲ್ಲಿ, ಟಾರ್ಚ್ ಹಿಡಿದು ಹತ್ತಿ. ಹಳೇ ಗೋಣಿ, ಹಂಚಿನ ರಾಶಿ ಎಳೆಯುವಾಗ ಬರಿಗೈ ಹಾಕಬೇಡಿ, ಚೇಳು, ಹಾವು ಇರುತ್ತವೆ.

ಬಚ್ಚಲ ಒಲೆಗೆ ಕೂರಿಸಿದ ತಾಮ್ರದ ಹಂಡೆ ಕೀಳಲು ಹೋದರೆ ಒಲೆಯೂ ಹೋಗುತ್ತದೆ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗವೂ ಇರಲ್ಲ. ಅದು ಇಲ್ಲೇ ಇರಲಿ. ಕಡೆಯುವ ಕಲ್ಲೂ ಹಾಗೆಯೇ. ಆದರೆ ಉಪ್ಪಿನಕಾಯಿ ಭರಣಿ ಬಿಟ್ಟು ಹೋಗಲು ಯಾರೂ ಒಪ್ಪಲ್ಲ ಮಾರಾಯ್ರೆ! ಮೇ ಅಂದರೆ ಆಗಷ್ಟೇ ಮಿಡಿ ಉಪ್ಪಿಗೆ ಹಾಕಿ, ಭರಣಿ ತುಂಬಿರುವ ಸಮಯ. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಬಿಗಿದು, ಲಾರಿಯಲ್ಲಲ್ಲ, ಜನ ಹೋಗುವ ಕಾರಿನಲ್ಲಿ ಕಾಲ ಸಂದಿಯಲ್ಲಿ ಇಟ್ಟುಕೊಳ್ಳಿ. ಲಾರಿಯಲ್ಲಿ ಒಡೆದರೆ ಹಾಸಿಗೆ, ಪುಸ್ತಕ ಎಲ್ಲ ಉಪ್ಪುನೀರು.

ರಟ್ಟಿನ ಪೆಟ್ಟಿಗೆ ಒಂದು ಮಳೆಗೆ ಮೆತ್ತಗಾಗುತ್ತದೆ. ಬಟ್ಟೆ, ಕಾಗದ, ಫೋಟೊ ಆಲ್ಬಂಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಾಡಿಗೆ ಅಡಿಕೆಗೆ ಹೊದಿಸುವ ಟಾರ್ಪಾಲನ್ನೇ ಹೊದಿಸಿ. ಫ್ರಿಜ್ ಹಿಂದಿನ ರಾತ್ರಿಯೇ ಆಫ್ ಮಾಡಿ ಒಣಗಿಸಿ, ನಿಲ್ಲಿಸಿಯೇ ಒಯ್ದು, ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಆನ್ ಮಾಡಿ. ಇನ್ವರ್ಟರ್ ಬ್ಯಾಟರಿ ಅಡ್ಡ ಮಲಗಿಸಿದರೆ ಆ್ಯಸಿಡ್ ಚೆಲ್ಲುತ್ತದೆ.

ತೋಟದ ಮನೆಯಲ್ಲಿ ಕೋವಿ ಇದ್ದರೆ ಅದು ಸಾಮಾನಿನ ಜತೆ ಲಾರಿ ಹತ್ತುವಂಥದ್ದಲ್ಲ. ಲೈಸೆನ್ಸ್ ವಿಳಾಸಕ್ಕೆ ಕೊಟ್ಟಿರುವುದು. ಠಾಣೆಗೆ ಬರೆದುಕೊಟ್ಟು, ಅವರು ಹೇಳಿದಂತೆ ಮಾಡಿ. ದನ ಕೊಡುವುದಿದ್ದರೂ ಮೊದಲೇ ಮಾತಾಡಿ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ದನ ಸಾಗಿಸಲು ದಾಖಲೆ ಕೇಳುತ್ತಾರೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸದೆ ಗಾಡಿ ಹತ್ತಿಸಬೇಡಿ.

ಕಾಗದ ಪತ್ರ

ಶಾಲೆಯ ಟಿಸಿ ಮೊದಲು. ಅದರಲ್ಲಿ ಮಗುವಿನ ಸ್ಯಾಟ್ಸ್ ನಂಬರ್ ಇದೆಯೇ, ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ನೋಡಿ.

ಗೃಹಜ್ಯೋತಿ ಪಡೆಯುತ್ತಿರುವವರು ಹಳೆ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿದ ಆಧಾರ್ ಅನ್ನು ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಹೊಸ ಮನೆಗೆ ಮತ್ತೆ ಅರ್ಜಿ ಹಾಕಬೇಕು. ಇದನ್ನು ಮರೆತರೆ ಹೊಸ ಮನೆಯಲ್ಲಿ ಪೂರ್ತಿ ಬಿಲ್ ಬರುತ್ತದೆ. ಮೆಸ್ಕಾಂನಿಂದ ಬೆಸ್ಕಾಂ ವ್ಯಾಪ್ತಿಗೆ ಹೋದರೂ ಅರ್ಜಿ ಸೇವಾ ಸಿಂಧುವಿನಲ್ಲೇ. ಹೊರಡುವ ದಿನ ಮೀಟರ್ ರೀಡಿಂಗ್ ಫೋಟೊ ತೆಗೆದಿಟ್ಟುಕೊಳ್ಳಿ, ಬಾಡಿಗೆ ಮನೆಯವರು ಮಾಲೀಕರಿಗೂ ಕಳಿಸಿ.

ಬೇರೆ ಊರಿಗೆ ಹೋಗುವಾಗ ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ವರ್ಗಾವಣೆ ಚೀಟಿ ತೆಗೆದುಕೊಳ್ಳಬೇಕು. ಹೊಸ ಊರಲ್ಲಿ ಆಗಿನ ದರದಲ್ಲಿ ಠೇವಣಿ ಕಟ್ಟಬೇಕು, ಅದು ಹೆಚ್ಚಿರಬಹುದು. ಪಾಸ್‌ಬುಕ್ಕಿನ ಹೆಸರು ತೀರಿಹೋದ ಹಿರಿಯರದ್ದಾಗಿದ್ದರೆ ಮೊದಲು ಹೆಸರು ಬದಲಾವಣೆ.

ಪಡಿತರಕ್ಕೆ ಗಾಬರಿ ಬೇಡ. ಕಾರ್ಡ್ ಇಲ್ಲಿಯದ್ದೇ ಇದ್ದರೂ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ಪಡೆಯಬಹುದು.

ಓಟಿನ ವಿಚಾರ ಸ್ವಲ್ಪ ಸೂಕ್ಷ್ಮ. ಊರಿನ ಮೇಲಿನ ಪ್ರೀತಿಗೆ ಹಲವರು ಹೆಸರನ್ನು ಇಲ್ಲೂ ಇಟ್ಟುಕೊಂಡು ಅಲ್ಲೂ ಸೇರಿಸುತ್ತಾರೆ. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ವಿಳಾಸ ಬದಲಾದರೆ ಫಾರಂ 8 ಸಾಕು, ಬೇರೆ ಕ್ಷೇತ್ರಕ್ಕೆ ಹೋದರೂ ಅದೇ.

ಹಿರಿಯರು ಇದ್ದರೆ

ಮನೆ ಬದಲಿಸುವಾಗ ಹೆಚ್ಚು ಸೋಲುವವರು ವಯಸ್ಸಾದವರು. ಅರವತ್ತು ವರ್ಷ ಒಂದೇ ಅಂಗಳ ಗುಡಿಸಿದ ಅಮ್ಮನಿಗೆ 'ಅಲ್ಲಿ ಎಲ್ಲ ಸೌಕರ್ಯ ಇದೆ' ಅನ್ನುವುದು ಸಮಾಧಾನ ಆಗಲ್ಲ. ಯಾವ ಪಾತ್ರೆ ಬೇಕು, ಯಾವ ದೇವರ ಫೋಟೊ ಬೇಕು ಅಂತ ಅವರೇ ಆರಿಸಲಿ, ಮಕ್ಕಳು ಆರಿಸಿಕೊಡುವುದು ಬೇಡ. ಸಾಧ್ಯವಿದ್ದರೆ ಸಾಮಾನು ಹೇರುವ ದಿನ ಅವರನ್ನು ಸಂಬಂಧಿಕರ ಮನೆಗೆ ಕಳಿಸಿ, ಹೊಸ ಮನೆಯಲ್ಲಿ ಮಂಚ ಹಾಕಿ, ಒಲೆ ಹಚ್ಚಿದ ಮೇಲೆ ಕರೆದುಕೊಂಡು ಬನ್ನಿ. ರಾತ್ರಿ ಬಚ್ಚಲಿನ ದಾರಿ ಗೊತ್ತಾಗದೆ ಬೀಳುವುದು ಮೊದಲ ವಾರದಲ್ಲೇ, ಒಂದು ಸಣ್ಣ ಲೈಟು ಉರಿಯುತ್ತಿರಲಿ. ಮಾತ್ರೆ, ವೈದ್ಯರ ಚೀಟಿ, ಕನ್ನಡಕ, ಕವಳದ ಚೀಲ ಇವು ಕೈಚೀಲದಲ್ಲೇ ಇರಬೇಕು. ಮಾತ್ರೆ ಒಂದು ತಿಂಗಳಿಗಾಗುವಷ್ಟು ತೆಗೆದಿಟ್ಟುಕೊಳ್ಳಿ. ಪಿಂಚಣಿ ಅಂಚೆಯಲ್ಲಿ ಬರುತ್ತಿದ್ದರೆ ನಾಡಕಚೇರಿಗೆ ತಿಳಿಸಿ.

ಬೀಗ ಹಾಕಿ ಹೋಗುವ ಮನೆ

ಮುಚ್ಚಿದ ಮನೆ ಒಂದು ಮಳೆಗಾಲಕ್ಕೇ ಹಾಳಾಗಲು ಶುರು. ಒಡೆದ ಹಂಚು ಬದಲಿಸಿ, ಹರಣಿಯಲ್ಲಿ ತುಂಬಿದ ಎಲೆ ತೆಗೆಸಿ, ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸಿ. ಮೇನ್ ಸ್ವಿಚ್ ಆಫ್, ಗ್ಯಾಸ್ ಹೊರಗೆ, ಅಕ್ಕಿ-ಬೇಳೆ ಡಬ್ಬ ಖಾಲಿ. ಬೀರು ಗೋಡೆಗೆ ತಾಗಿರದಂತೆ ಸರಿಸಿ, ಇಲ್ಲದಿದ್ದರೆ ಹಿಂದೆ ಬೂಸ್ಟು ಹಿಡಿಯುತ್ತದೆ. ಪಹಣಿ, ಕ್ರಯಪತ್ರ ಮನೆಯಲ್ಲಿ ಬಿಡಬೇಡಿ. ಗ್ರಾಮ ಪಂಚಾಯಿತಿಯ ಮನೆ ಕಂದಾಯ ಕಟ್ಟಿ ರಸೀದಿ ಜತೆಗಿಟ್ಟುಕೊಳ್ಳಿ.

ಬೀಗದ ಒಂದು ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ. ಹದಿನೈದು ದಿನಕ್ಕೊಮ್ಮೆ ಬಾಗಿಲು ತೆಗೆದು ಗಾಳಿ ಆಡಿಸಲು, ಒಲೆಗೆ ಹೊಗೆ ಹಾಕಲು ಯಾರಿಗಾದರೂ ಹೇಳಿ, ಅದಕ್ಕೆ ತಿಂಗಳಿಗೆ ಇಷ್ಟು ಅಂತ ಮೊದಲೇ ಮಾತಾಡಿ. ಬಿಟ್ಟಿ ಉಪಕಾರ ಎರಡು ತಿಂಗಳಿಗಿಂತ ಜಾಸ್ತಿ ನಡೆಯಲ್ಲ. ನಾಯಿ ಇಲ್ಲೇ ಉಳಿಯುವುದಾದರೆ ಹೊರಡುವ ಒಂದು ವಾರ ಮೊದಲಿಂದಲೇ ಅನ್ನ ಹಾಕುವ ಕೆಲಸವನ್ನು ಅವರಿಗೇ ವಹಿಸಿ, ನೀವು ಹೊರಡುವ ಹೊತ್ತಿಗೆ ಅದಕ್ಕೆ ಆ ಮನೆಯ ದಾರಿ ರೂಢಿ ಆಗಿರುತ್ತದೆ.